ಬಲಗಡೆ ಯಾರೂ ಇಲ್ಲ

ಬಸ್ ಡಿಪೋದ ಹೆಂಗಸರ ಫುಟ್‌ಬಾಲ್ ತಂಡ ಹನ್ನೊಂದನೆಯ ಪಂದ್ಯವನ್ನು ಐದು–ಒಂದು ಗೋಲಿನಿಂದ ಸೋತ ಮರುದಿನ ಬೆಳಿಗ್ಗೆ ಮ್ಯಾನೇಜರ್ ಕೋಚನ್ನು ತಮ್ಮ ಕೋಣೆಗೆ ಕರೆಸಿದರು. ಕೂತುಕೊಳ್ಳಿ ಎನ್ನಲಿಲ್ಲ. ಒಂದು ಹಾಳೆಯನ್ನು ಮೇಜಿನ ಮೇಲೆ ಅವಳ ಕಡೆಗೆ ತಿರುಗಿಸಿಟ್ಟು, "ಓದಿ" ಎಂದರು.

ನಾಲ್ಕೇ ಸಾಲು. ಈ ವರ್ಷ ತಂಡ ಮೊದಲ ದರ್ಜೆಯ ಲೀಗ್‌ನಿಂದ ಕೆಳಗಿಳಿದರೆ ಅದನ್ನು ವಿಸರ್ಜಿಸಲಾಗುವುದು. ಆಟದ ಕೋಟಾದಲ್ಲಿ ಕೆಲಸಕ್ಕೆ ಸೇರಿದವರನ್ನು ಜನ ಸಾಲದ ಡಿಪೋಗಳಿಗೆ ಹಂಚಲಾಗುವುದು.

"ಹಂಚೋದು ಅಂದ್ರೆ ಎಲ್ಲಿಗೆ ಸಾರ್?"

"ಎಲ್ಲಿಗೆ ಬೇಕಾದ್ರೂ. ನನ್ನ ಕೈಲಿಲ್ಲಮ್ಮ, ಮೇಲಿಂದ ಬಂದಿದ್ದು. ಎಂಟು ತಂಡದಲ್ಲಿ ಎಂಟನೇ ಜಾಗ ಹಿಡ್ಕೊಂಡು ಕೂತ್ರೆ ಅವರಾದ್ರೂ ಎಷ್ಟು ದಿನ ಸಾಕ್ತಾರೆ?" ಮ್ಯಾನೇಜರ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಇನ್ನೂ ಮೂರು ಮ್ಯಾಚಿದೆಯಲ್ಲ. ಏನಾದ್ರೂ ಮಾಡಿ."

ಡಿಪೋದಲ್ಲಿ ಅವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ನಲವತ್ತನಾಲ್ಕು ವರ್ಷ, ಒಂಟಿ ಜೀವ, ಕೆಲಸ ಟೈಂಕೀಪರ್. ಯಾವ ಬಸ್ಸಿಗೆ ಯಾವ ಡ್ರೈವರ್, ಯಾವ ಕಂಡಕ್ಟರ್, ಎಷ್ಟು ಗಂಟೆಗೆ ಹೊರಟು ಎಷ್ಟಕ್ಕೆ ವಾಪಸ್ಸು ಎಂದು ಡ್ಯೂಟಿ ಚಾರ್ಟ್ ಬರೆಯುವವಳು. ಒಬ್ಬ ರಜೆ ಹಾಕಿದರೆ ಇನ್ನೊಬ್ಬನನ್ನು ಎಲ್ಲಿಂದ ಎಳೆದು ತರಬೇಕು, ಎಳೆದಾಗ ಎಲ್ಲಿ ತೂತು ಬೀಳುತ್ತದೆ ಎಂಬುದು ಅವಳಿಗೆ ಅಂಗೈಗೆರೆಯಷ್ಟು ಪರಿಚಿತ. ಹದಿನೆಂಟು ವರ್ಷ ಇದೇ ತಂಡದ ನಡುಮಧ್ಯದಲ್ಲಿ ಆಡಿ, ಆಮೇಲೆ ಏಳು ವರ್ಷದಿಂದ ಕೋಚ್ ಆಗಿದ್ದಳು. ಆಟಗಾರ್ತಿಯರೆಲ್ಲ ಅವಳನ್ನು ಪ್ರೀತಿಯಿಂದ ಅಕ್ಕ ಎಂದರೆ, ಒಡಹುಟ್ಟಿದ ಸಲಿಗೆಯಿಂದ ಹಾಗೆ ಕರೆಯುವವಳು ಒಬ್ಬಳೇ: ಬಲಗಡೆ ಆಡುವ ತಂಗಿ. ಅವ್ವ ತೀರಿಕೊಂಡಾಗ ತಂಗಿಗೆ ಒಂಬತ್ತು. ಜಡೆ ಹೆಣೆದು ಸ್ಕೂಲಿಗೆ ಕಳಿಸಿದ್ದು, ಮೈದಾನಕ್ಕೆ ಕರೆದೊಯ್ದಿದ್ದು, ಡಿಪೋದಲ್ಲಿ ಕಂಡಕ್ಟರ್ ಕೆಲಸಕ್ಕೆ ಅರ್ಜಿ ಬರೆಸಿದ್ದು ಎಲ್ಲ ಅಕ್ಕನೇ.

ಕೋಣೆಯಿಂದ ಹೊರಬಂದವಳು ನೇರವಾಗಿ ಹಳೆಯ ಬಸ್ಸುಗಳನ್ನು ನಿಲ್ಲಿಸುವ ಹಿತ್ತಲಿಗೆ ಹೋದಳು. ಅಲ್ಲೇ ಅವರ ಅಭ್ಯಾಸದ ಜಾಗ. ಗೋಡೆಗೆ ಒರಗಿಸಿದ್ದ ಒಂದು ತುಕ್ಕು ಹಿಡಿದ ಲಾಕರ್ ಬಾಗಿಲು ಅವರ ಬೋರ್ಡು. ಅದರ ಮೇಲೆ ಸೀಮೆಸುಣ್ಣದಲ್ಲಿ ಮೈದಾನ, ಹನ್ನೊಂದು ಅಯಸ್ಕಾಂತದ ಗುಂಡಿಗಳು. ಅವಳು ಗುಂಡಿಗಳನ್ನೆಲ್ಲ ಕಿತ್ತು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಳು.

ವರ್ಷ ಶುರುವಾದಾಗ ತಂಡ ಎಂದಿನಂತೆ ನಾಲ್ಕು–ನಾಲ್ಕು–ಎರಡು ಆಡುತ್ತಿತ್ತು. ಹಿಂದೆ ನಾಲ್ವರು, ನಡುವೆ ನಾಲ್ವರು, ಮುಂದೆ ಇಬ್ಬರು. ಡ್ಯೂಟಿ ಮುಗಿಸಿ ಮಧ್ಯಾಹ್ನ ಎರಡು ತಾಸು ಅಭ್ಯಾಸ ಮಾಡುವ ಹೆಂಗಸರಿಗೆ ಅದಕ್ಕಿಂತ ಸುಲಭದ ಜೋಡಣೆ ಬೇರೆ ಇಲ್ಲ. ನಿನ್ನ ಪಕ್ಕದಲ್ಲಿ ಯಾರು, ಮುಂದೆ ಯಾರು ಎಂದು ಗೊತ್ತಿದ್ದರೆ ಮುಗಿಯಿತು. ಆದರೆ ಈಗ ಎಲ್ಲ ತಂಡಗಳೂ ನಡುಮಧ್ಯದಲ್ಲಿ ಮೂವರನ್ನು ಇಡುತ್ತಿದ್ದವು. ಡಿಪೋದ ಇಬ್ಬರು ಆ ಮೂವರ ನಡುವೆ ಚೆಂಡಿನ ಹಿಂದೆ ಓಡಿ ಓಡಿ ಅರವತ್ತನೇ ನಿಮಿಷಕ್ಕೆ ನಾಲಿಗೆ ಹೊರಹಾಕುತ್ತಿದ್ದರು. ಎಂಟು ಪಂದ್ಯದಲ್ಲಿ ಎರಡು ಗೆಲುವು, ಒಂದು ಸಮ. ಉಳಿದವು ಸೋಲು.

ಸೋಲು ತಪ್ಪಿಸಲು ಅವಳು ಹಿಂದೆ ಐವರನ್ನು ನಿಲ್ಲಿಸಿದಳು. ಎರಡು ಪಂದ್ಯಗಳಲ್ಲಿ ಒಂದೊಂದೇ ಗೋಲು ಬಿಟ್ಟುಕೊಟ್ಟರು, ನಿಜ. ಆದರೆ ಮುಂದೆ ಒಬ್ಬಳೇ ಉಳಿದ ಸ್ಟ್ರೈಕರಿಗೆ ಚೆಂಡು ತಲುಪಲೇ ಇಲ್ಲ. ಆರಡಿ ಎತ್ತರದ ಅವಳಿಗೆ ಉದ್ದಕ್ಕ ಎಂದು ಹೆಸರು. ಪಂದ್ಯ ಮುಗಿದ ಮೇಲೆ ಉದ್ದಕ್ಕ, "ಅಕ್ಕಾ, ಬಸ್ಸೇ ಬರದ ಸ್ಟಾಪಲ್ಲಿ ನಿಂತ ಹಾಗಾಯ್ತು ನನ್ನ ಕತೆ. ಗೋಲ್ ಹೊಡಿಯೋದಿರ್ಲಿ, ಚೆಂಡಿನ ಬಣ್ಣ ಮರೆತೋಯ್ತು" ಎಂದಿದ್ದಳು. ಎರಡೂ ಸಲ ಸೊನ್ನೆ–ಒಂದು. ಆಮೇಲೆ, ಹೇಗೂ ಸೋಲುವುದೇ ಆದರೆ ಹೊಡೆದಾಡಿ ಸೋಲೋಣವೆಂದು ನಾಲ್ಕು–ಮೂರು–ಮೂರು. ಮುಂದೆ ಮೂವರು, ಎದುರಾಳಿಯ ಗೋಲಿನ ಹತ್ತಿರವೇ ಮುತ್ತಿಗೆ. ಮೊದಲ ಇಪ್ಪತ್ತು ನಿಮಿಷ ಕಣ್ಣಿಗೆ ಹಬ್ಬದಂತಿತ್ತು. ಆದರೆ ಮುತ್ತಿಗೆ ತಪ್ಪಿಸಿ ಒಂದು ಉದ್ದನೆಯ ಪಾಸು ಬಂದರೆ ಬೆನ್ನ ಹಿಂದೆ ಬಟಾಬಯಲು. ಹಾಗೆಯೇ ಐದು ಬಿದ್ದವು.

"ಅಕ್ಕಾ, ನೀವು ಫಾರ್ಮೇಶನ್ ಬದಲಾಯ್ಸೋ ಸ್ಪೀಡಲ್ಲಿ ನಮ್ಮ ಡ್ರೈವರ್‌ಗಳು ಗೇರೂ ಬದಲಾಯ್ಸಲ್ಲ" ಎಂದು ಗೋಲ್‌ಕೀಪರ್ ನಕ್ಕಿದ್ದಳು. ಕ್ಯಾಂಟೀನಿನಲ್ಲಿ ಅಡುಗೆ ಮಾಡುವ ಅಗಲ ಹೆಗಲಿನ ಹೆಂಗಸು, ಎಲ್ಲರ ಬಾಯಲ್ಲೂ ಗೋಡೆ. ಆ ನಗೆಯಲ್ಲಿ ಯಾರೂ ಸೇರಿಕೊಂಡಿರಲಿಲ್ಲ.

ಈಗ ಅಕ್ಕ ಗುಂಡಿಗಳನ್ನು ಒಂದೊಂದಾಗಿ ಅಂಟಿಸಿದಳು. ಹಿಂದೆ ಮೂವರು. ನಡುವೆ ಐವರು. ಮುಂದೆ ಇಬ್ಬರು. ಹಿಂದಿನ ಮೂವರು ಗೋಲಿನ ಮುಂದೆ ಬಾಗಿಲು ಹಾಕುತ್ತಾರೆ, ನಡುಮಧ್ಯದಲ್ಲಿ ಮೂವರಿಗೆ ಮೂವರು ಸಮ, ಉದ್ದಕ್ಕನಿಗೊಬ್ಬಳು ಜೊತೆ. ಎಲ್ಲ ಲೆಕ್ಕವೂ ಕೂಡುತ್ತದೆ, ಎರಡು ಅಂಚುಗಳನ್ನು ಬಿಟ್ಟು. ಒಂದೊಂದು ಅಂಚಿಗೆ ಒಬ್ಬೊಬ್ಬಳೇ. ನಮ್ಮವರು ಮುನ್ನುಗ್ಗಿದಾಗ ಅವಳು ಎದುರಾಳಿಯ ಮೂಲೆಯಲ್ಲಿರಬೇಕು, ಚೆಂಡು ಕಳೆದುಕೊಂಡ ಕ್ಷಣಕ್ಕೆ ನಮ್ಮ ಮೂಲೆಯಲ್ಲಿರಬೇಕು. ಬೇರೆಯವರು ಇಬ್ಬರು ಮಾಡುವ ಕೆಲಸವನ್ನು ತೊಂಬತ್ತು ನಿಮಿಷ ಒಬ್ಬಳೇ ಮಾಡಬೇಕು.

ಎಡಕ್ಕೆ ಜಿಂಕೆ ಇದ್ದಳು. ಇಪ್ಪತ್ತು ವರ್ಷ, ಟಯರ್ ವಿಭಾಗದ ಹುಡುಗಿ, ಓಡು ಎಂದರೆ ಎಲ್ಲಿಗೆ ಎಂದೂ ಕೇಳದವಳು. ಬಲಕ್ಕೆ? ಟಿಕೆಟ್ ಕೌಂಟರಿನವಳು ಆರು ತಿಂಗಳ ಬಸುರಿ. ಹೊಸದಾಗಿ ಸೇರಿದ ಗುಮಾಸ್ತೆಗೆ ಅರ್ಧ ಗಂಟೆಗೇ ಏದುಸಿರು. ಉಳಿದವಳು ತಂಗಿ. ಮೂವತ್ತಮೂರು ವರ್ಷ, ಎಂಟು ಗಂಟೆ ಬಸ್ಸಿನಲ್ಲಿ ನಿಂತೇ ಇರುವ ಕೆಲಸ, ಬಲ ಮಂಡಿಗೆ ಎರಡು ಸಲ ಆಪರೇಶನ್.

ಕೊನೆಯ ಗುಂಡಿಯನ್ನು ಅಕ್ಕ ಬಲ ಅಂಚಿಗೆ ಅಂಟಿಸಿದಳು.

*

ಹನ್ನೆರಡನೆಯ ಪಂದ್ಯ ಎರಡು–ಒಂದರಿಂದ ಗೆದ್ದರು. ಎರಡೂ ಗೋಲು ತಂಗಿಯ ಕಾಲಿನಿಂದ ಹುಟ್ಟಿದವು: ಬಲ ಅಂಚಿನಿಂದ ತೇಲಿಸಿದ ಎರಡು ಕ್ರಾಸು, ಉದ್ದಕ್ಕನ ಎರಡು ತಲೆಪೆಟ್ಟು. ಹಿಂದಿರುಗುವ ಬಸ್ಸಿನಲ್ಲಿ ಹಾಡು, ಕೂಗು, ಸೀಟಿನ ಬೆನ್ನಿನ ಮೇಲೆ ತಾಳ. ಡಿಪೋ ಬಂದಾಗ ಎಲ್ಲರೂ ದಡಬಡ ಇಳಿದರು. ತಂಗಿ ಮಾತ್ರ ಕಿಟಕಿ ಪಕ್ಕ ಕೂತೇ ಇದ್ದಳು.

"ಇಳಿಯಲ್ವಾ?" ಎಂದಳು ಅಕ್ಕ ಬಾಗಿಲಲ್ಲಿ ನಿಂತು.

"ಶೂ ದಾರ ಕಟ್ಕೊಂಡು ಬರ್ತೀನಿ, ನೀ ಹೋಗಿರು."

ಶೂ ಅವಳ ಕಾಲಲ್ಲಿರಲಿಲ್ಲ, ಮಡಿಲಲ್ಲಿತ್ತು. ಅಕ್ಕ ಅದನ್ನು ನೋಡಿದಳು. ನೋಡಿಯೂ, "ಸರಿ" ಎಂದು ಇಳಿದು ಹೋದಳು. ಆಫೀಸಿನ ಕಿಟಕಿಯಿಂದ ಕಂಡಿತು: ಹತ್ತು ನಿಮಿಷದ ಮೇಲೆ ತಂಗಿ ಎರಡೂ ಕೈಯಲ್ಲಿ ಕಂಬಿ ಹಿಡಿದು, ಎಡಗಾಲನ್ನು ಮೊದಲು ಕೆಳಗಿಟ್ಟು, ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು. ಅಕ್ಕ ಕಣ್ಣು ತೆಗೆದು ಡ್ಯೂಟಿ ಚಾರ್ಟಿನ ಮೇಲೆ ನೆಟ್ಟಳು. ಕೇಳಿದರೆ ಉತ್ತರ ಬರುತ್ತದೆ, ಉತ್ತರ ಬಂದರೆ ಆಡಿಸಲಾಗುವುದಿಲ್ಲ. ಅದಕ್ಕೇ ಕೇಳಲಿಲ್ಲ. ಆಮೇಲೆ ಬಹಳ ದಿನ ಅವಳನ್ನು ತಿಂದದ್ದು ಈ ಹತ್ತು ನಿಮಿಷವೇ.

ಹದಿಮೂರನೆಯ ಪಂದ್ಯದಲ್ಲಿ ಎಪ್ಪತ್ತು ನಿಮಿಷದವರೆಗೆ ಒಂದು–ಸೊನ್ನೆಯಿಂದ ಮುಂದಿದ್ದರು. ಆಗ ಎದುರಾಳಿಯ ಹುಡುಗಿಯೊಬ್ಬಳು ತಂಗಿಯ ಬಲಕ್ಕೆ ಚೆಂಡು ತಳ್ಳಿ ಓಡಿದಳು. ತಂಗಿ ಬಲಗಾಲಿನ ಮೇಲೆ ಭಾರ ಹಾಕಿ ಗರಕ್ಕನೆ ತಿರುಗಬೇಕಿತ್ತು. ತಿರುಗಲಿಲ್ಲ. ಎಡಕ್ಕೆ ಸುತ್ತು ಹಾಕಿ, ಉದ್ದದ ದಾರಿ ಹಿಡಿದು ತಿರುಗಿದಳು. ಅಷ್ಟರಲ್ಲಿ ಆ ಹುಡುಗಿ ಹತ್ತು ಗಜ ಮುಂದಿದ್ದಳು. ಗೋಡೆ ಎಷ್ಟು ಹಾರಿದರೂ ಸಿಗದ ಮೂಲೆಗೆ ಚೆಂಡು ಹೋಯಿತು. ಪಂದ್ಯ ಒಂದು–ಒಂದು.

ಯಾರೂ ತಂಗಿಯನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೇನೋ. ಡಿಪೋ ತಂಡಕ್ಕೆ ಈಗ ಹನ್ನೊಂದು ಅಂಕ, ಅವರಿಗಿಂತ ಒಂದು ಮೆಟ್ಟಿಲು ಮೇಲಿದ್ದ ಬಂದರಿನ ತಂಡಕ್ಕೆ ಹನ್ನೆರಡು. ಕೊನೆಯ ಪಂದ್ಯ ಈ ಎರಡು ತಂಡಗಳ ನಡುವೆಯೇ. ಕೊನೆಯ ಸ್ಥಾನದವರು ಮಾತ್ರ ಲೀಗ್‌ನಿಂದ ಕೆಳಗಿಳಿಯುತ್ತಾರೆ. ಬಂದರಿನವರಿಗೆ ಸಮವಾದರೂ ಸಾಕು. ಡಿಪೋದವರು ಗೆಲ್ಲಲೇಬೇಕು.

*

ಭಾನುವಾರ ಬೆಳಿಗ್ಗೆ ಅಕ್ಕ ತಂಗಿಯ ಮನೆಗೆ ಹೋದಳು. ತಂಗಿಯ ಗಂಡ ಟೈಲರ್. ಮುಂದಿನ ಕೋಣೆಯೇ ಅಂಗಡಿ. ಹೊಲಿಗೆ ಮಿಶಿನ್ ಪಕ್ಕದಲ್ಲಿ ಬಟ್ಟೆಯ ರಾಶಿ, ಗೋಡೆಗೆ ಕಾಗದದ ಅಳತೆಗಳು. ತಂಡದ ಜೆರ್ಸಿಗಳಿಗೆ ನಂಬರು ಹೊಲಿಯುವವನೂ ಅವನೇ. ಅಕ್ಕನನ್ನು ಕಂಡರೆ ಮಿಶಿನ್ ಬಿಟ್ಟೇಳುವ ಮನುಷ್ಯ ಅಂದು ಏಳಲಿಲ್ಲ, ತುಳಿಯುವುದನ್ನು ಮಾತ್ರ ನಿಲ್ಲಿಸಿದ.

"ಬನ್ನಿ ಅಕ್ಕಾ. ಒಳಗಿದಾಳೆ. ನೋಡಿ."

ಒಳಗೆ ತಂಗಿ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ಮಂಡಿಗೆ ಐಸ್ ಸುತ್ತಿದ ಟವೆಲ್. ಏಳು ವರ್ಷದ ಮಗಳು ಪಕ್ಕದಲ್ಲಿ ಕೂತು ಆ ಟವೆಲನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದಳು.

"ದೊಡ್ಡಮ್ಮ, ಅಮ್ಮನ ಕಾಲು ದೊಡ್ಡದಾಗಿದೆ, ನೋಡು" ಎಂದು ಮಗು ಟವೆಲ್ ಎತ್ತಿ ತೋರಿಸಿತು.

ಮಂಡಿ ಎಲ್ಲಿದೆ ಎಂದು ಹುಡುಕಬೇಕಿತ್ತು. ತೊಡೆಯೂ ಮೀನಖಂಡವೂ ಒಂದೇ ಆಗಿ ಊದಿ ಮಿರಿಮಿರಿ ಮಿಂಚುತ್ತಿತ್ತು.

"ನಿನ್ನೆ ಡಾಕ್ಟ್ರು ಸಿರಿಂಜ್ ಹಾಕಿ ನೀರು ತೆಗೆದ್ರು. ಮೂರು ದಿನಕ್ಕೆ ಇಳಿಯುತ್ತೆ ಬಿಡು" ಎಂದಳು ತಂಗಿ. "ಮ್ಯಾಚಿಗೆ ಇನ್ನೂ ಆರು ದಿನ ಇದೆ."

"ಡಾಕ್ಟ್ರು ಇನ್ನೇನೋ ಅಂದ್ರಲ್ಲ, ಅದನ್ನೂ ಹೇಳು" ಎಂದ ಗಂಡ ಬಾಗಿಲಿಗೆ ಬಂದು. ಆಮೇಲೆ ಅವನೇ ಮುಂದುವರಿಸಿದ. "ಒಳಗಿನ ಮೆತ್ತೆ ಸವೆದು ಎಲುಬಿಗೆ ಎಲುಬು ತಾಗ್ತಿದೆಯಂತೆ. ಇನ್ನೊಂದು ಸಲ ತಿರುಚಿದ್ರೆ ಕಂಡಕ್ಟರ್ ಕೆಲಸ ಮರ್ತುಬಿಡಿ, ಮೆಟ್ಟಿಲು ಹತ್ತೋದೂ ಕಷ್ಟ ಅಂದ್ರು. ಅಕ್ಕಾ, ನಾನು ನಿಮಗೆ ಯಾವತ್ತೂ ಎದುರಾಡಿದವನಲ್ಲ. ನಿಮ್ಮ ಬೋರ್ಡಲ್ಲಿರೋದು ಗುಂಡಿ. ಇಲ್ಲಿ ಕೂತಿರೋಳು ನನ್ನ ಹೆಂಡ್ತಿ."

"ನೀವು ಸ್ವಲ್ಪ ಸುಮ್ಮನಿರಿ" ಎಂದು ತಂಗಿ ಗಂಡನ ಮೇಲೆ ರೇಗಿದಳು. "ತಂಡ ಹೋದ್ರೆ ನನ್ನ ಎಲ್ಲಿಗೋ ಎಸೀತಾರೆ. ಆಗ ಮಗು ಯಾರ ಹತ್ರ ಇರತ್ತೆ? ನಿಮ್ಮ ಮಿಶಿನ್ ಹೊತ್ಕೊಂಡು ನೀವೂ ಬರ್ತೀರಾ?"

"ಬರ್ತೀನಿ" ಎಂದ ಅವನು. ಅಷ್ಟೇ.

ಅಕ್ಕ ಟವೆಲನ್ನು ಮತ್ತೆ ಮಂಡಿಯ ಮೇಲೆ ಎಳೆದಳು. "ನಿನ್ನ ಇಳಿಸಲ್ಲ" ಎಂದಳು ತಂಗಿಗೆ. ಆಮೇಲೆ ಅವನ ಕಡೆ ತಿರುಗಿ, "ಇಳಿಸಲ್ಲ. ನನ್ನ ಮಾತು" ಎಂದಳು.

ತಂಗಿ ಗೋಡೆಗೆ ಮುಖ ತಿರುಗಿಸಿದಳು. "ಬಲಗಡೆ ಯಾರನ್ನ ಹಾಕ್ತೀಯ ಹಾಗಾದ್ರೆ?"

ಆರು ದಿನವೂ ಅಕ್ಕ ಇದಕ್ಕೇ ಉತ್ತರ ಹುಡುಕಿದಳು. ಚಾರ್ಟ್ ಬರೆಯುವಾಗ ಅಂಚಿನಲ್ಲಿ ಚುಕ್ಕೆ ಇಡುತ್ತಿದ್ದಳು, ಅಳಿಸುತ್ತಿದ್ದಳು. ಒಂದು ದಿನ ಒಂದೇ ಬಸ್ಸಿಗೆ ಇಬ್ಬರು ಡ್ರೈವರುಗಳನ್ನು ಬರೆದುಬಿಟ್ಟಳು. ಇಪ್ಪತ್ತು ವರ್ಷದಲ್ಲಿ ಅದು ಅವಳ ಮೊದಲ ತಪ್ಪು. ಆ ಡ್ರೈವರುಗಳಿಬ್ಬರೂ ಕಿಟಕಿಯ ಹತ್ತಿರ ಬಂದು ಅವಳ ಮುಖ ನೋಡಿ ಯಾರು ಹೋಗಬೇಕೆಂದು ತಾವೇ ಮಾತಾಡಿಕೊಂಡು ಹೋದರು.

ಕೊನೆಗೆ, ಅಂಚಿನಲ್ಲಿ ಯಾರೂ ಇಲ್ಲವೆಂದರೆ ಅಂಚೇ ಬೇಡವೆಂದು ತೀರ್ಮಾನಿಸಿದಳು. ಹಿಂದೆ ನಾಲ್ವರು, ಅವರ ಮುಂದೆ ನಾಲ್ವರನ್ನು ವಜ್ರದ ಆಕಾರದಲ್ಲಿ ಒತ್ತೊತ್ತಾಗಿ, ಮುಂದೆ ಇಬ್ಬರು. ನಡುವಿನಿಂದಲೇ ಕೊರೆದುಕೊಂಡು ಹೋಗುವುದು. ಗುಮಾಸ್ತೆ ಬಲಗಡೆ ಹಿಂದೆ ನಿಂತು ಕಾಪಾಡಿದರೆ ಸಾಕು, ಓಡುವ ಹಂಗಿಲ್ಲ. ಬಂದರಿನವರು ಅಂಚಿನ ಕಡೆಗೆ ಗಮನ ಕೊಡದಿದ್ದರೆ ಬಚಾವ್.

*

ಬಂದರಿನವರು ಹತ್ತನೇ ನಿಮಿಷಕ್ಕೇ ಗಮನ ಕೊಟ್ಟರು.

ಅವರ ಎಡ ಹಿಂಬದಿಯವಳು ದಪ್ಪ ಜಡೆಯ, ಎರಡು ಶ್ವಾಸಕೋಶ ಹೆಚ್ಚೇ ಇರುವಂಥ ಹೆಂಗಸು. ತನ್ನ ಮುಂದೆ ಯಾರೂ ಇಲ್ಲವೆಂದು ತಿಳಿದೊಡನೆ ಗೆರೆಗುಂಟ ಓಡಿ ಬರತೊಡಗಿದಳು. ಗುಮಾಸ್ತೆಗೆ ಒಬ್ಬಳಿಗೆ ಇಬ್ಬರು ಎದುರು. ನಡುವಿನವರು ಸಹಾಯಕ್ಕೆಂದು ಅಂಚಿಗೆ ಸರಿದರೆ ನಡು ಖಾಲಿ, ಸರಿಯದಿದ್ದರೆ ಅಂಚು ಖಾಲಿ. ಇಪ್ಪತ್ತೆಂಟನೇ ನಿಮಿಷದಲ್ಲಿ ಅಲ್ಲಿಂದಲೇ ಕ್ರಾಸ್ ಬಂತು, ಅಲ್ಲಿಂದಲೇ ಗೋಲು. ಅದನ್ನು ತಡೆಯಲು ಹೋದ ಡಿಫೆಂಡರ್ ಒಬ್ಬಳ ಹಣೆ ಒಡೆದು ರಕ್ತ ಸುರಿಯಿತು. ಅವಳ ಬದಲು ಇನ್ನೊಬ್ಬಳನ್ನು ಇಳಿಸಬೇಕಾಯಿತು. ಆ ಲೀಗಿನಲ್ಲಿ ಒಂದು ಪಂದ್ಯಕ್ಕೆ ಮೂರೇ ಬದಲಾವಣೆ. ಒಂದು ಹೋಯಿತು. ವಿರಾಮದಲ್ಲಿ ಅಕ್ಕ, ಸುಸ್ತಾದ ಮಿಡ್‌ಫೀಲ್ಡರನ್ನು ತೆಗೆದು ಇನ್ನೊಬ್ಬಳನ್ನು ಹಾಕಿದಳು. ಎರಡು.

ಐವತ್ತೆಂಟನೇ ನಿಮಿಷಕ್ಕೂ ಸೊನ್ನೆ–ಒಂದು. ಬೆಂಚಿನ ತುದಿಯಲ್ಲಿ ಮಂಡಿಗೆ ಬಿಗಿಯಾಗಿ ಪಟ್ಟಿ ಸುತ್ತಿ ಕೂತಿದ್ದ ತಂಗಿ ಎದ್ದು ಬಂದಳು.

"ಅಕ್ಕಾ, ಆ ವಜ್ರ ಗಿಜ್ರ ಸಾಕು. ಅವರು ಎರಡು ಕಡೆಯಿಂದ ನುಗ್ತಿದಾರೆ, ನಮ್ಮವರು ಮಧ್ಯದಲ್ಲಿ ಒಬ್ರಿಗೊಬ್ರು ಡಿಕ್ಕಿ ಹೊಡ್ಕೊಂಡು ಸಾಯ್ತಿದಾರೆ. ಮೂರು–ಐದು–ಎರಡಕ್ಕೆ ಹೋಗು. ನನ್ನ ಹಾಕು."

"ಮಾತು ಕೊಟ್ಟಿದೀನಿ."

"ಅವರಿಗೆ ಕೊಟ್ಟಿದೀಯ. ನನಗೆ ಕೊಟ್ಟಿಲ್ಲ." ತಂಗಿ ಮೈದಾನದ ಕಡೆ ಕೈ ತೋರಿಸಿದಳು. "ಆ ಹುಡುಗೀರ್ನ ನೋಡು. ಜಿಂಕೆ ನೋಡು. ಅವಳಿಗೆ ಈ ಕೆಲಸ ಬಿಟ್ರೆ ಮನೆಗೆ ಹೋಗಿ ಆ ಕುಡುಕ ಅಪ್ಪನ ಕೈಲಿ ಬೀಳಬೇಕು. ಗೋಡೆಗೆ ಮೂರು ಮಕ್ಕಳು. ಅರ್ಧ ಗಂಟೆ ಅಕ್ಕಾ. ಅರ್ಧ ಗಂಟೆ ತಡ್ಕೊಳತ್ತೆ. ನನ್ನ ಕಾಲು ನನಗೆ ಗೊತ್ತು."

ಅಕ್ಕ ಗ್ಯಾಲರಿಯ ಕಡೆ ನೋಡಿದಳು. ಮೂರನೇ ಸಾಲಿನಲ್ಲಿ ಟೈಲರ್, ಮಡಿಲಲ್ಲಿ ಮಗಳು. ಮೈದಾನದ ಕಡೆ ನೋಡಿದಳು. ಉದ್ದಕ್ಕ ಸೊಂಟದ ಮೇಲೆ ಕೈಯಿಟ್ಟು ನೆಲ ನೋಡುತ್ತಿದ್ದಳು. ಗುಮಾಸ್ತೆ ವಾಂತಿ ಮಾಡಿಕೊಳ್ಳುವವಳ ಹಾಗೆ ಬಾಗಿದ್ದಳು.

"ಜಾಕೆಟ್ ತೆಗಿ" ಎಂದಳು ಅಕ್ಕ.

ಟೈಲರ್ ಎದ್ದು ನಿಂತ. ಮಗಳನ್ನು ಹೆಗಲಿಗೆ ಹಾಕಿಕೊಂಡು ನಿಂತೇ ಇದ್ದ.

ಗುಮಾಸ್ತೆ ಹೊರಗೆ, ತಂಗಿ ಒಳಗೆ. ನಡುವಿನಲ್ಲಿ ಆಡುತ್ತಿದ್ದ ಮೆಕ್ಯಾನಿಕ್ ಹಿಂದೆ ಸರಿದು ಮೂವರಲ್ಲಿ ಒಬ್ಬಳಾದಳು. ಎಡಕ್ಕೆ ಜಿಂಕೆ, ಬಲಕ್ಕೆ ತಂಗಿ ಗೆರೆಗೆ ಅಂಟಿಕೊಂಡರು. ಬಿಗಿದಿದ್ದ ಮುಷ್ಟಿ ಬಿಚ್ಚಿದಂತೆ ತಂಡ ಅಗಲವಾಯಿತು. ದಪ್ಪ ಜಡೆಯವಳು ಎರಡು ಸಲ ಮುಂದೆ ಬಂದು, ಎರಡು ಸಲವೂ ತನ್ನ ಬೆನ್ನ ಹಿಂದೆ ತಂಗಿ ಇರುವುದನ್ನು ನೋಡಿ ಓಡಿ ಹಿಂದಿರುಗಿದಳು. ಮೂರನೇ ಸಲ ಬರಲೇ ಇಲ್ಲ. ಎಪ್ಪತ್ತಮೂರನೇ ನಿಮಿಷದಲ್ಲಿ ತಂಗಿ ಮೂಲೆಯ ಬಾವುಟದ ಬಳಿಯಿಂದ ಚೆಂಡನ್ನು ಹಿಂದಕ್ಕೆ ಎಳೆದು ಕೊಟ್ಟಳು, ಉದ್ದಕ್ಕ ಕಾಲು ಬೀಸಿದಳು, ಬಲೆ ಉಬ್ಬಿತು. ಒಂದು–ಒಂದು. ಬೆಂಚಿನಲ್ಲಿದ್ದವರೆಲ್ಲ ಅಕ್ಕನ ಮೇಲೆ ಬಿದ್ದರು. ಇನ್ನೊಂದು ಬೇಕು, ಇನ್ನೊಂದೇ ಒಂದು, ಎಂದು ಅವಳು ಬಡಬಡಿಸುತ್ತಿದ್ದಳು.

ಎಂಬತ್ತೊಂದನೇ ನಿಮಿಷ. ಸುತ್ತ ಯಾರೂ ಇರಲಿಲ್ಲ. ಯಾರೂ ತಾಗಲಿಲ್ಲ. ಹಿಂದಕ್ಕೆ ಓಡುತ್ತಿದ್ದ ತಂಗಿ ಚೆಂಡು ದಿಕ್ಕು ಬದಲಿಸಿತೆಂದು ಬಲಗಾಲು ಊರಿ ತಿರುಗಿದಳು. ಅಷ್ಟೇ. ಒಣ ಕಡ್ಡಿ ಮುರಿದಂಥ ಸದ್ದು ಬೆಂಚಿನವರೆಗೆ ಕೇಳಿಸಿತು.

ಬಿದ್ದವಳು ಎದ್ದಳು. ಆಟ ಮೈದಾನದ ಆಚೆ ಬದಿಯಲ್ಲಿ ನಡೆಯುತ್ತಿತ್ತು. ಎರಡನೇ ಅವಧಿಯಲ್ಲಿ ಡಿಪೋದ ಬಲಗಡೆ ಬೆಂಚುಗಳ ಬದಿಯಲ್ಲೇ ಇದ್ದುದರಿಂದ ಅವಳು ಅಕ್ಕನಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದಳು. ಎಡಗಾಲಿನ ಮೇಲೆ ನಿಂತು, ಬಲಗಾಲಿನ ತುದಿಬೆರಳನ್ನಷ್ಟೇ ನೆಲಕ್ಕೆ ತಾಗಿಸಿ, ಗೆರೆಗುಂಟ ಕುಂಟುತ್ತ ಮುಂದಕ್ಕೆ ಹೊರಟಳು.

"ಹೊರಗೆ ಬಾ" ಎಂದಳು ಅಕ್ಕ.

"ಬರಲ್ಲ. ಬದಲಾವಣೆ ಮುಗಿದಿದೆ. ಹತ್ತು ಜನ ಆಗ್ತೀರ."

"ಹೊರಗೆ ಬಾ ಅಂದೆ!"

"ಅಕ್ಕಾ, ನಾನು ಸುಮ್ಮನೆ ಇಲ್ಲಿ ನಿಂತಿರ್ತೀನಿ. ನೋಡು ಅವಳನ್ನ." ತಂಗಿ ಕಣ್ಣಲ್ಲೇ ದಪ್ಪ ಜಡೆಯವಳ ಕಡೆ ತೋರಿಸಿದಳು. ನಿಜ, ಅವಳು ತಂಗಿಯ ಪಕ್ಕದಲ್ಲೇ ಕಾವಲು ನಿಂತಿದ್ದಳು. ಏಟು ಎಷ್ಟೆಂದು ಅವಳಿಗೆ ಗೊತ್ತಿರಲಿಲ್ಲ. "ನಾನು ನಿಂತಿರೋವರೆಗೂ ಅವಳು ಕದಲಲ್ಲ. ಒಂಬತ್ತು ನಿಮಿಷ. ನಮ್ಮಿಬ್ರನ್ನ ಬಿಟ್ರೆ ಹತ್ತಕ್ಕೆ ಹತ್ತು. ಅಷ್ಟರಲ್ಲಿ ಒಂದು ಹೊಡೀತಾರೆ ನಮ್ಮವರು."

ಅವಳ ಮುಖ ಸುಣ್ಣದಂತೆ ಬಿಳಿಚಿತ್ತು. ತುಟಿ ಕಚ್ಚಿ ರಕ್ತ ಬಂದಿತ್ತು. ಅಕ್ಕನಿಗೆ ಅವಳ ಲೆಕ್ಕ ಸರಿ ಎಂದು ಗೊತ್ತಿತ್ತು. ಲೆಕ್ಕ ಸರಿಯಾಗಿರುವುದನ್ನೇ ಅವಳಿಂದ ಸಹಿಸಲಾಗಲಿಲ್ಲ. ಮೂರು ವಾರ ಲೆಕ್ಕ ಸರಿ ಎಂದೇ ಅವಳು ಈ ಕಾಲನ್ನು ನೋಡಿಯೂ ನೋಡದಂತಿದ್ದಳು. ಚೆಂಡು ತಂಗಿಯ ಕಡೆಗೆ ಉರುಳಿ ಬಂತು. ತಂಗಿ ಅದನ್ನು ನಿಲ್ಲಿಸಲು ಬಲಗಾಲು ಎತ್ತಿದಳು. ಮಂಡಿಯ ಕೆಳಗಿನ ಕಾಲು ಬೇರೆ ಯಾರದೋ ಎನ್ನುವಂತೆ ಪಕ್ಕಕ್ಕೆ ವಾಲಿತು.

ಚೆಂಡು ಗೆರೆ ದಾಟಿ ಹೊರಹೋಯಿತು. ಅಕ್ಕ ಗೆರೆಯ ಬಳಿಗೆ ಓಡಿದಳು. "ರೆಫ್ರೀ! ನನ್ನ ಆಟಗಾರ್ತಿಗೆ ಏಟಾಗಿದೆ, ಹೊರಗೆ ಕರ್ಕೊಳ್ತಿದೀನಿ!" ಎಂದು ಕೂಗಿ ತಂಗಿಯ ರಟ್ಟೆ ಹಿಡಿದಳು.

"ಬಿಡು! ಬಿಡೇ ಅಕ್ಕಾ! ಈಗ್ಯಾಕೆ?" ತಂಗಿ ಕೊಸರಾಡಿದಳು. "ಆಗೋದು ಆಯ್ತು, ಇನ್ನೇನು ಉಳಿಸ್ತೀಯ? ಬಿಡು!" ಅಕ್ಕ ಬಿಡಲಿಲ್ಲ. ಸೊಂಟಕ್ಕೆ ಕೈಹಾಕಿ ಎತ್ತಿ ಗೆರೆಯಿಂದಾಚೆ ಎಳೆದು ಹುಲ್ಲಿನ ಮೇಲೆ ಮಲಗಿಸಿದಳು. ತಂಗಿ ಎರಡೂ ಮುಷ್ಟಿಯಿಂದ ಅವಳ ಎದೆಗೆ ಗುದ್ದಿದಳು.

ಡಿಪೋ ತಂಡದವರು ಹತ್ತು ಜನರಾದರು. ಹಿಂದಿನ ಮೂವರಲ್ಲಿ ಒಬ್ಬಳನ್ನು ಬಲ ಅಂಚಿಗೆ ಕಳಿಸಬೇಕೆಂದು ಅಕ್ಕನಿಗೆ ಹೊಳೆಯಿತು. ಆದರೆ ಅವಳು ನೆಲದ ಮೇಲೆ ಮಂಡಿಯೂರಿ ತಂಗಿಯ ತಲೆ ಹಿಡಿದುಕೊಂಡಿದ್ದಳು, ಮತ್ತು ಆ ಮಾತು ಬಾಯಿಗೆ ಬರುವಷ್ಟರಲ್ಲಿ ಗೋಡೆಯ ಕೂಗು ಕೇಳಿಸಿತು.

"ಬಲಗಡೆ! ಬಲಗಡೆ ಯಾರೂ ಇಲ್ಲ! ಅಕ್ಕಾ, ಬಲಗಡೆ ಯಾರೂ ಇಲ್ಲ!"

ದಪ್ಪ ಜಡೆಯವಳು ಅವರಿಬ್ಬರ ಪಕ್ಕದಿಂದಲೇ ಓಡಿಹೋದಳು. ಅವಳ ಬೂಟು ಕಿತ್ತ ಮಣ್ಣು ಅಕ್ಕನ ಕೈಮೇಲೆ ಬಿತ್ತು. ಇಪ್ಪತ್ತು ಗಜ, ಮೂವತ್ತು ಗಜ, ತಡೆಯುವವರೇ ಇಲ್ಲ. ಅಕ್ಕ ತಲೆಯೆತ್ತಲಿಲ್ಲ. ತಂಗಿ ಮಲಗಿದಲ್ಲಿಂದಲೇ ಕುತ್ತಿಗೆ ತಿರುಗಿಸಿ ನೋಡುತ್ತಿದ್ದಳು, ಅವಳ ಮುಖದಲ್ಲೇ ಅಕ್ಕನಿಗೆ ಗೋಲು ಕಂಡಿತು.

*

ಮೂರು ವಾರದಲ್ಲಿ ಆದೇಶಗಳು ಬಂದವು. ಉದ್ದಕ್ಕ ಒಂದು ಕಡೆ, ಮೆಕ್ಯಾನಿಕ್ ಒಂದು ಕಡೆ. ಗೋಡೆ ಕ್ಯಾಂಟೀನಿನವಳಾದ್ದರಿಂದ ಉಳಿದುಕೊಂಡಳು. ಜಿಂಕೆಗೆ ಕೊಟ್ಟ ಡಿಪೋ ಎಷ್ಟು ದೂರವೆಂದರೆ ಅಲ್ಲಿಗೆ ಇಲ್ಲಿಂದ ನೇರ ಬಸ್ಸೇ ಇರಲಿಲ್ಲ. ಅವಳು ಹೋಗಲೂ ಇಲ್ಲ, ತಿರುಗಿ ಕಾಣಿಸಲೂ ಇಲ್ಲ. ಅಕ್ಕನನ್ನು ಏಳು ಗಂಟೆ ದೂರದ ಒಂದು ಸಣ್ಣ ಡಿಪೋಗೆ ಹಾಕಿದರು. ಅಲ್ಲಿ ಹನ್ನೆರಡೇ ಬಸ್ಸು. ಚಾರ್ಟು ಬರೆಯಲು ಅರ್ಧ ಗಂಟೆ ಸಾಕು, ಉಳಿದ ಹೊತ್ತನ್ನು ಏನು ಮಾಡಬೇಕೆಂದು ಗೊತ್ತಾಗುತ್ತಿರಲಿಲ್ಲ.

ತಂಗಿಗೆ ಆಪರೇಶನ್ ಆಯಿತು. ಮ್ಯಾನೇಜರ್ ಓಡಾಡಿ ಅವಳಿಗೆ ಅದೇ ಡಿಪೋದಲ್ಲಿ, ಪ್ರಯಾಣಿಕರು ಮರೆತುಹೋದ ಸಾಮಾನುಗಳ ಕೌಂಟರಿನಲ್ಲಿ ಕೂತು ಮಾಡುವ ಕೆಲಸ ಕೊಡಿಸಿದರು. ಅಕ್ಕ ವಾರಕ್ಕೆ ಎರಡು ಸಲ ಫೋನ್ ಮಾಡುತ್ತಿದ್ದಳು. ಪ್ರತಿ ಸಲವೂ ಟೈಲರ್ ಎತ್ತುತ್ತಿದ್ದ. "ಮಲಗಿದಾಳೆ ಅಕ್ಕಾ" ಎನ್ನುತ್ತಿದ್ದ, ಬೆಳಗಿನ ಹನ್ನೊಂದಕ್ಕೂ. ಕೊಟ್ಟ ಮಾತಿನ ವಿಷಯವನ್ನು ಅವನು ಒಂದು ದಿನವೂ ಎತ್ತಲಿಲ್ಲ.

ನಾಲ್ಕನೇ ತಿಂಗಳು ಅಕ್ಕ ರಜೆ ಹಾಕಿ ಬಂದಳು. ಟೈಲರ್ ಕೈಲಿ ತುರ್ತಿನ ಹೊಲಿಗೆಯಿತ್ತು. "ಇವತ್ತು ನೀವೇ ಕರ್ಕೊಂಡು ಹೋಗಿ" ಎಂದ. ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಕಾಲಿಗೆ ವ್ಯಾಯಾಮ ಮಾಡಿಸುವ ಕೋಣೆ. ಹೊರಗೆ ಉದ್ದ ಬೆಂಚು. ಅಕ್ಕ ತಂಗಿಯರು ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತರು. ತಂಗಿ ಊರುಗೋಲನ್ನು ಗೋಡೆಗೆ ಒರಗಿಸಿದಳು.

ಅಕ್ಕ ಆ ಊರುಗೋಲನ್ನೇ ನೋಡುತ್ತ ಹೇಳಿದಳು. "ನಿನ್ನ ಇಳಿಸಬಾರದಿತ್ತು. ಆ ಗೆದ್ದ ಮ್ಯಾಚಿನ ದಿನವೇ ನನಗೆ ಗೊತ್ತಿತ್ತು. ನೀನು ಬಸ್ ಇಳಿಯೋದನ್ನ ಕಿಟಕಿಯಿಂದ ನೋಡಿದ್ದೆ. ನೋಡಿ ಸುಮ್ಮನಿದ್ದೆ."

"ನೋಡ್ತಿದ್ದೆ ಅಂತ ನನಗೂ ಗೊತ್ತಿತ್ತು" ಎಂದಳು ತಂಗಿ.

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಇಳಿಸಿದ್ದಕ್ಕೆ ನನಗೆ ಸಿಟ್ಟಿಲ್ಲ" ಎಂದಳು ತಂಗಿ, ಎದುರಿನ ಗೋಡೆ ನೋಡುತ್ತ. "ಇಳಿತೀನಿ ಅಂದಿದ್ದು ನಾನು. ತೆಗೆದ್ಯಲ್ಲ, ಅದಕ್ಕೆ. ಕಾಲು ಹೋಗಿತ್ತು. ಹೋಗಿದ್ದು ಹೋಗಿತ್ತು. ಅದಕ್ಕೊಂದು ಬೆಲೆ ಬರಬಹುದಿತ್ತು, ಒಂಬತ್ತು ನಿಮಿಷ. ಅದನ್ನೂ ನೀನು ಕಿತ್ಕೊಂಡೆ."

"ಆ ಕಾಲಲ್ಲಿ ನಿನ್ನ ನಿಲ್ಸಿ ನೋಡ್ತಾ ಇರೋಕೆ ನನ್ನ ಕೈಲಾಗಲಿಲ್ಲ ಕಣೇ."

"ನಿನ್ನ ಕೈಲಾಗಲಿಲ್ಲ. ಹ್ಞೂಂ. ನನ್ನ ಕೈಲಾಗ್ತಿತ್ತು."

"ನೀನು ನಿಂತಿದ್ರೆ ನಮ್ಮವರು ಗೋಲ್ ಹೊಡೀತಿದ್ರು ಅಂತ ಯಾರು ಹೇಳ್ತಾರೆ?"

"ಯಾರೂ ಹೇಳಲ್ಲ. ಇನ್ನು ಯಾರೂ ಹೇಳೋಕಾಗಲ್ಲ. ಅದೇ." ನಾಲ್ಕು ತಿಂಗಳಲ್ಲಿ ಮೊದಲ ಸಲ ತಂಗಿ ಅತ್ತಳು, ಸದ್ದಿಲ್ಲದೆ, ಬಾಯಿಗೆ ಕೈ ಅಡ್ಡ ಹಿಡಿದು. ಅಕ್ಕ ಹತ್ತಿರ ಸರಿಯಲು ಹೋದಳು. ತಂಗಿ ಬೇಡವೆಂದು ತಲೆಯಾಡಿಸಿದಳು. ಅಕ್ಕ ಅಲ್ಲೇ ಕೂತಳು.

ನರ್ಸ್ ಬಾಗಿಲು ತೆರೆದು ತಂಗಿಯ ನಂಬರು ಕೂಗಿದಳು. ತಂಗಿ ಕಣ್ಣೊರೆಸಿಕೊಂಡು, ಬೆಂಚಿನ ಅಂಚು ಹಿಡಿದು, ಒಂದು ಸಲ, ಎರಡು ಸಲ ಏಳಲು ನೋಡಿದಳು. ಆಗಲಿಲ್ಲ. ಮೂರನೇ ಸಲ ಅಕ್ಕನ ಕಡೆ ನೋಡದೆಯೇ ಕೈ ಚಾಚಿದಳು.

"ಎಬ್ಬಿಸು" ಎಂದಳು. "ಒಳಗೆ ಬರಬೇಡ. ಇಲ್ಲೇ ಕೂತಿರು."

ಅಕ್ಕ ಎಬ್ಬಿಸಿದಳು. ಬಾಗಿಲು ಮುಚ್ಚಿಕೊಂಡ ಮೇಲೆ ತಿರುಗಿ ಬೆಂಚಿಗೆ ಬಂದು ಕೂತಳು. ಒಳಗಿನಿಂದ, ಇನ್ನೊಂದು ಸಲ, ಇನ್ನೊಂದೇ ಸಲ ಎಂದು ಯಾರೋ ಎಣಿಸುವುದು ಕೇಳಿಸುತ್ತಿತ್ತು, ನಡುನಡುವೆ ತಂಗಿಯ ನರಳಿಕೆ. ಕಿವಿ ಮುಚ್ಚಿಕೊಳ್ಳದೆ ಅವಳು ಅದನ್ನು ಕೊನೆಯವರೆಗೂ ಕೇಳುತ್ತ ಕೂತಳು.